ಬಲಕ್ಕೆ ವಾಲಿದ ಗೆರೆಗಳು

ಜನವರಿ 9

ಪ್ರೀತಿಯ ಅತ್ತಿಗೆಗೆ,

ಪಾರ್ಸೆಲ್ ನಿನ್ನೆ ಕೈಸೇರಿತು. ಹತ್ತಿ ಸುತ್ತಿ, ಅದರ ಮೇಲೆ ಹಳೆಯ ಪೇಪರು ಸುತ್ತಿ, ಅದಕ್ಕೂ ದಾರ ಬಿಗಿದು ಕಳಿಸಿದ್ದೀರಿ. ಬಿಚ್ಚಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿಹೋಗಿತ್ತು.

ಜರೀಗಿಡದ ರಬ್ಬರ್ ಅಚ್ಚು ಬಹಳ ಚೆನ್ನಾಗಿ ಬಂದಿದೆ. ಲೈಬ್ರರಿಯಿಂದ ಬಂದವಳೇ ಊಟದ ಮೇಜು ಖಾಲಿ ಮಾಡಿಕೊಂಡು ಕೂತೆ. ದಪ್ಪ ಬಿಳಿ ಕಾರ್ಡು, ಅದರ ಎಡಬದಿಗೆ ನೀಲಿ ಚೌಕಳಿಯ ಚಿತ್ತಾರದ ಕಾಗದದ ಒಂದು ಪಟ್ಟಿ, ಪಟ್ಟಿಯ ಹಿಂದಿನಿಂದ ಇಣುಕಿದ ಹಾಗೆ ಹಸಿರು ಶಾಯಿಯಲ್ಲಿ ಜರೀಗಿಡ. ಮೊದಲ ಎರಡು ಸಲ ಶಾಯಿ ಹೆಚ್ಚಾಗಿ ಗೆರೆಗಳು ಕಲಸಿಹೋದವು. ಮೂರನೆಯ ಸಲ ಒತ್ತಿ ತೆಗೆದಾಗ ಒಂದೊಂದು ನರವೂ ಬೇರೆಬೇರೆಯಾಗಿ ಕಂಡಿತು. ಹನ್ನೆರಡು ಶುಭಾಶಯದ ಕಾರ್ಡು ಮಾಡಿ ಒಣಗಲು ಇಟ್ಟಿದ್ದೇನೆ. ನಮ್ಮ ಲೈಬ್ರರಿಯ ಕೌಂಟರಿನಲ್ಲಿಟ್ಟರೆ ವಾರದಲ್ಲಿ ಖಾಲಿಯಾಗುತ್ತವೆ.

ನಿಮ್ಮ ಸೀಲಿನ ಅಂಗಡಿಗೆ ಹೊಸದಾಗಿ ಸೇರಿದ ಕೆತ್ತನೆಯವರಿಗೆ ನನ್ನ ಮೆಚ್ಚುಗೆ ತಿಳಿಸಿ.

ಆದರೆ ಅತ್ತಿಗೆ, ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಣ್ಣ ಹೋಗಿ ಹತ್ತು ತಿಂಗಳಾಯಿತು. ಆಮೇಲೆ ಬಂದದ್ದು ಇದು ಮೂರನೆಯ ಅಚ್ಚು. ಮೂರರಲ್ಲೂ ಗೆರೆಗಳು ಬಲಕ್ಕೆ ವಾಲಿಕೊಂಡಿವೆ; ಗೆರೆ ಕವಲೊಡೆಯುವ ಕಡೆ ಕೂದಲೆಳೆಯಷ್ಟು ಜಾಗ ಬಿಟ್ಟಿದೆ. ಅದು ಅಣ್ಣನ ಕೈ. ಸಾವಿರ ಅಚ್ಚುಗಳ ನಡುವೆ ಇಟ್ಟರೂ ನಾನು ಗುರುತು ಹಿಡಿಯುತ್ತೇನೆ. ಹೊಸಬರಿಗೆ ಆ ಕೈ ಹೇಗೆ ಬಂತು?

ನಿಮ್ಮ,
ಗುಬ್ಬಿ

ಜನವರಿ 24

ಗುಬ್ಬಿಗೆ ಆಶೀರ್ವಾದಗಳು.

ಕಾರ್ಡು ಬಂತು. ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಸೀಲು ಮಾಡಿಸಲು ಬಂದವರು ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ನಿನ್ನೆ ಒಬ್ಬ ಗುಮಾಸ್ತರು 'ಸ್ವೀಕರಿಸಲಾಗಿದೆ' ಎಂಬ ಸೀಲಿಗೆ ಬರೆದುಕೊಟ್ಟ ಚೀಟಿಯಲ್ಲಿ 'ಸ್ವೀಕರೀಸಲಾಗಿದೆ' ಎಂದಿತ್ತು. ತಪ್ಪಿದೆ ಎಂದು ಹೇಳಿದರೆ, "ಸಾಹೇಬ್ರು ಬರ್ದಿದ್ದು, ಹಾಗೇ ಮಾಡ್ಬಿಡಿ ಅಮ್ಮ" ಎಂದರು. ಹಾಗೇ ಮಾಡಿಕೊಟ್ಟೆ. ಇನ್ನು ಆ ಆಫೀಸಿನ ಕಾಗದಗಳೆಲ್ಲ ದೀರ್ಘ ತೆಗೆದುಕೊಂಡೇ ಸ್ವೀಕಾರವಾಗುತ್ತವೆ.

ಕೆತ್ತುವವರು ಹಳೆಯ ಅಚ್ಚುಗಳನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ನೋಡಿ ಕಲಿತರೆ ಕೈ ಹಾಗೇ ಕೂರುತ್ತದೆ. ಅದರಲ್ಲಿ ದೊಡ್ಡ ವಿಚಾರವೇನೂ ಇಲ್ಲ.

ಬೇಕಾದ ಚಿತ್ರ ಬರೆದು ಕಳಿಸು. ಮೊದಲಿನಂತೆ ನಡೆಯಲಿ.

ಇತಿ,
ಅತ್ತಿಗೆ

ಫೆಬ್ರವರಿ 6

ಪ್ರೀತಿಯ ಅತ್ತಿಗೆಗೆ,

ಒಂದು ಸಂತೋಷದ ಸುದ್ದಿ. ನಮ್ಮ ಲೈಬ್ರರಿಯನ್ ಮೇಡಂ ಕೌಂಟರಿನಲ್ಲಿದ್ದ ಕಾರ್ಡುಗಳನ್ನು ಮನೆಗೆ ಒಯ್ದು, ಮಾರನೆಯ ದಿನ ನನ್ನನ್ನು ಕೋಣೆಗೆ ಕರೆಸಿದರು. ಕಾರ್ಡು ಮಾರಿದ್ದಕ್ಕೆ ಬೈಯುತ್ತಾರೆ ಎಂದುಕೊಂಡೇ ಹೋದೆ. "ಈ ಅಚ್ಚು ಕೆತ್ತಿದ್ದು ಯಾರ್ರೀ?" ಎಂದರು. ಹೊಸಬರ ನೆನಪೇ ಬರಲಿಲ್ಲ, ನಮ್ಮಣ್ಣ ಎಂದೆ. ಇಷ್ಟು ವರ್ಷ ನನಗಾಗಿ ಕೆತ್ತಿಕೊಟ್ಟ, ಈಗ ಇಲ್ಲ ಎಂದೂ ಹೇಳಿದೆ. ಅವರು ಕಾರ್ಡನ್ನು ಮತ್ತೊಮ್ಮೆ ತಿರುಗಿಸಿ ನೋಡಿ, "ಮೇಲಿನ ಹಾಲ್ ಖಾಲಿ ಇದೆಯಲ್ಲ, ಅಲ್ಲೊಂದು ಪ್ರದರ್ಶನ ಮಾಡೋಣ" ಎಂದರು.

ಏಪ್ರಿಲ್ ಇಪ್ಪತ್ತಕ್ಕೆ ನಿಗದಿಯಾಗಿದೆ. ನನ್ನ ಬಳಿ ಐವತ್ತೆಂಟು ಅಚ್ಚುಗಳಿವೆ. ಒಂದೊಂದರ ಮುದ್ರೆ, ಅದರಿಂದ ಮಾಡಿದ ಕಾರ್ಡು, ಪಕ್ಕದಲ್ಲಿ ಅಚ್ಚು. ಗೋಡೆಯ ಮೇಲೆ ಅಣ್ಣನ ಹೆಸರು. ಬದುಕಿದ್ದಾಗ ಆಫೀಸುಗಳ ಸೀಲು ಕೆತ್ತಿಯೇ ಕಾಲ ಕಳೆದ. ಈಗಲಾದರೂ ನಾಲ್ಕು ಜನ ನೋಡಲಿ.

ನಿಮ್ಮಿಂದ ಮೂರು ವಸ್ತು ಬೇಕು. ಅಣ್ಣನ ಕೆತ್ತನೆಯ ಚಾಕುಗಳು, ಅವನು ಕೆಲಸ ಮಾಡುತ್ತಿರುವ ಒಂದು ಫೋಟೋ, ಮತ್ತು ಅಂಗಡಿಯಲ್ಲಿ ಉಳಿದಿರುವ ಅವನ ಅಚ್ಚುಗಳು. ಉಳಿದಿರಲೇಬೇಕು ಅತ್ತಿಗೆ. ಅವನು ಸುಮ್ಮನೆ ಕೂರುವ ಮನುಷ್ಯನಲ್ಲ.

ಇನ್ನೊಂದು. ಹೊಸ ಕೆತ್ತನೆಯವರು ಯಾವ ಊರಿನವರು? ಮೊದಲು ಎಲ್ಲಿ ಕೆಲಸ ಮಾಡುತ್ತಿದ್ದರು? ಹೋದ ಪತ್ರದಲ್ಲಿ ಅವರ ಬಗ್ಗೆ ಒಂದು ಸಾಲು ಬರೆದು ಗುಮಾಸ್ತರ ಬಗ್ಗೆ ಆರು ಸಾಲು ಬರೆದಿದ್ದೀರಿ.

ನಿಮ್ಮ,
ಗುಬ್ಬಿ

ಫೆಬ್ರವರಿ 27

ಗುಬ್ಬಿಗೆ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಬೇಸರಪಡಬೇಡ.

ಪ್ರದರ್ಶನ ಬೇಡ. ನಿಮ್ಮಣ್ಣನಿಗೆ ಅಂಥದ್ದೆಲ್ಲ ಇಷ್ಟವಿರಲಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡು ಎಂದರೆ ಬೆವರುತ್ತಿದ್ದರು, ನಿನಗೂ ಗೊತ್ತು. ಚಾಕುಗಳು ಅಂಗಡಿಯಲ್ಲಿ ದಿನವೂ ಬಳಕೆಯಲ್ಲಿವೆ, ಕಳಿಸಿದರೆ ಕೆಲಸ ನಿಲ್ಲುತ್ತದೆ. ಕೆಲಸ ಮಾಡುವ ಫೋಟೋ ಇಲ್ಲ. ಉಳಿದ ಅಚ್ಚುಗಳು ಯಾವುವೂ ಇಲ್ಲ.

ಕಾರ್ಡು ಮಾಡು, ಮಾರು, ಅದಕ್ಕೇನೂ ಅಡ್ಡಿಯಿಲ್ಲ. ಗೋಡೆಯ ಮೇಲೆ ಹೆಸರು ಬರೆಸುವುದು ಮಾತ್ರ ಬೇಡ.

ಮಂಡಿನೋವು ಹಾಗೇ ಇದೆ.

ಅತ್ತಿಗೆ

ಮಾರ್ಚ್ 5

ಅತ್ತಿಗೆಗೆ,

ನಿಮ್ಮ ಪಕ್ಕದ ಬೈಂಡಿಂಗ್ ಅಂಗಡಿಯ ಚಿಕ್ಕಪ್ಪ ಮೊನ್ನೆ ಕಾಗದ ಕೊಳ್ಳಲು ಇಲ್ಲಿಗೆ ಬಂದವರು ಲೈಬ್ರರಿಗೂ ಬಂದಿದ್ದರು. ಕೈತುಂಬ ಗೋಂದಿನ ವಾಸನೆ, ಬಾಯಿತುಂಬ ಸುದ್ದಿ. ಅಂಗಡಿಯ ಹೊಸ ಕೆತ್ತನೆಯವರು ಹೇಗಿದ್ದಾರೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಯಾವ ಕೆತ್ತನೆಯವ್ರು? ಅಂಗಡೀಲಿ ನಿಮ್ಮತ್ತಿಗೆ ಒಬ್ರೇ ಅಲ್ವಾ ಇರೋದು. ಮಧ್ಯಾಹ್ನ ಬಾಗಿಲು ಅರ್ಧ ಎಳ್ಕೊಂಡು ಒಳಗೇನೋ ಮಾಡ್ತಿರ್ತಾರೆ. ನಾನು ಹೋದ್ರೆ ಮೇಜಿನ ಮೇಲೆ ಬಟ್ಟೆ ಮುಚ್ಚಿಬಿಡ್ತಾರಮ್ಮ."

ಅದನ್ನು ಕೇಳಿದ ಮೇಲೆ ಕಾರ್ಡುಗಳ ಮುಂದೆ ಕೂತರೂ ಒಂದು ಪಟ್ಟಿ ನೇರವಾಗಿ ಕತ್ತರಿಸಲಾಗಲಿಲ್ಲ.

ಹಾಗಾದರೆ ನನಗೆ ಬಂದ ಮೂರು ಅಚ್ಚುಗಳನ್ನು ಕೆತ್ತಿದವರು ಯಾರು? ಉತ್ತರ ಒಂದೇ. ಅಣ್ಣ. ಅವನು ಒಂದು ಪೆಟ್ಟಿಗೆಯಷ್ಟು ಅಚ್ಚು ಕೆತ್ತಿಟ್ಟು ಹೋಗಿದ್ದಾನೆ. ನೀವು ಅದನ್ನು ಬಟ್ಟೆಯಡಿ ಮುಚ್ಚಿಟ್ಟುಕೊಂಡು, ಇಲ್ಲದ ಕೆಲಸದವರನ್ನು ಹುಟ್ಟಿಸಿ, ನನಗೆ ಒಂದೊಂದಾಗಿ ಹನಿಸುತ್ತಿದ್ದೀರಿ. ಜರೀಗಿಡ, ಪಾರಿವಾಳ, ಗಡಿಯಾರ. ಅವುಗಳ ಚಿತ್ರ ನಾನು ಬರೆದು ಕಳಿಸಿ ಎರಡು ವರ್ಷವಾಗಿತ್ತು ಎಂಬುದು ನನಗೆ ಈಗ ನೆನಪಾಯಿತು. ಅಣ್ಣ ಆಗಲೇ ಕೆತ್ತಿರಬೇಕು.

ನನಗೆ ತಿಳಿಯದಿರುವುದು ಒಂದೇ. ಯಾಕೆ? ಅವನ ಹೆಸರು ಗೋಡೆಯ ಮೇಲೆ ಬಂದರೆ ನಿಮಗೇನು ಕಷ್ಟ? ಅವನು ಇದ್ದಾಗಲೂ, ನನಗಾಗಿ ಕೆತ್ತುತ್ತಾ ಕೂತರೆ ನಿಮಗೆ ಸಹಿಸುತ್ತಿರಲಿಲ್ಲವೇನೋ. ಫೋನು ಮಾಡಿದಾಗಲೆಲ್ಲ "ಅವರು ಕೆಲಸದಲ್ಲಿದ್ದಾರೆ" ಎಂದು ಎರಡು ನಿಮಿಷಕ್ಕೆ ಮಾತು ಮುಗಿಸುತ್ತಿದ್ದಿರಿ. ಆಗ ಹೊಳೆಯಲಿಲ್ಲ.

ಗುಬ್ಬಿ

ಮಾರ್ಚ್ 11

ಗುಬ್ಬಿ,

ಚಿಕ್ಕಪ್ಪನನ್ನು ನನ್ನ ಮೇಲೆ ಕಾವಲಿಗೆ ಹಾಕಿದ್ದೀಯೆಂದು ಗೊತ್ತಿರಲಿಲ್ಲ. ಹಿಂತಿರುಗಿ ಬಂದವರೇ ನನ್ನ ಮೇಜನ್ನು ಕತ್ತು ಉದ್ದ ಮಾಡಿ ನೋಡಿದರು. ಈಗ ಅರ್ಥವಾಯಿತು.

ಕೆಲಸದವರು ಯಾರೂ ಇಲ್ಲ. ಅದು ಸುಳ್ಳು. ನಾನೇ ಹೇಳಿದ್ದು, ಒಪ್ಪಿಕೊಂಡಿದ್ದೇನೆ.

ಪೆಟ್ಟಿಗೆ ಇಲ್ಲ. ಇದು ಸುಳ್ಳಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಮೊದಲು ಚಾಕು ಕೇಳಿದೆ, ಆಮೇಲೆ ಫೋಟೋ, ಆಮೇಲೆ ಪೆಟ್ಟಿಗೆ. ಅವರದು ಎನ್ನುವುದೆಲ್ಲ ನಿನ್ನ ಊರಿಗೆ ಹೋದರೆ ನನ್ನ ಪಾಲಿಗೆ ಉಳಿಯುವುದೇನು? ಅವರು ನಿನಗೆ ಅಣ್ಣ. ನನಗೆ ಇಪ್ಪತ್ತಾರು ವರ್ಷ ಒಂದೇ ಮೇಜಿನ ಆಚೆ ಬದಿ. ಸಹಿಸುತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಓದಿ ಮಡಿಸಿಟ್ಟಿದ್ದೇನೆ.

ಅತ್ತಿಗೆ

ಮಾರ್ಚ್ 14

ಅತ್ತಿಗೆಗೆ,

ಸರಿ. ಪೆಟ್ಟಿಗೆ ಇಲ್ಲದಿದ್ದರೆ ತೋರಿಸಿಕೊಡಿ.

ಇದರೊಂದಿಗೆ ಒಂದು ಚಿತ್ರವಿದೆ. ನಿನ್ನೆ ಕೊಂಡ ಕೆಟಲ್. ಅಂಗಡಿಯಿಂದ ತರುವಾಗ ಬಸ್ಸಿನ ಮೆಟ್ಟಿಲಿಗೆ ತಗುಲಿ ಹೊಟ್ಟೆ ನೆಗ್ಗಿತು, ನೆಗ್ಗನ್ನೂ ಬರೆದಿದ್ದೇನೆ. ಇದನ್ನು ಅಣ್ಣ ಕೆತ್ತಿರಲು ಸಾಧ್ಯವೇ ಇಲ್ಲ. ಯಾರ ಕೈಯಿಂದ ಬೇಕಾದರೂ ಕೆತ್ತಿಸಿ ಕಳಿಸಿ. ಆ ಕೈ ಯಾವುದೆಂದು ನೋಡುತ್ತೇನೆ.

ಪ್ರದರ್ಶನದ ಫಲಕ ಬರೆಯಲು ಕೊಟ್ಟಾಗಿದೆ.

ಗುಬ್ಬಿ

ಏಪ್ರಿಲ್ 2

ಅತ್ತಿಗೆ,

ಕೆಟಲ್ ಬಂತು. ಪಾರ್ಸೆಲಿನಲ್ಲಿ ಪತ್ರ ಇರಲಿಲ್ಲ. ಹತ್ತಿಯನ್ನೆಲ್ಲ ಬಿಡಿಸಿ ಹುಡುಕಿದೆ.

ಅವಸರದಲ್ಲಿ ಮೊದಲ ಮುದ್ರೆ ಸೊಟ್ಟಗೆ ಬಿತ್ತು. ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೆಗ್ಗಿದ ಕಡೆ ನೆರಳಿನ ಗೆರೆಗಳು, ಬಲಕ್ಕೆ ವಾಲಿದವು. ಹಿಡಿಕೆ ಹೊಟ್ಟೆಗೆ ಸೇರುವಲ್ಲಿ ಕೂದಲೆಳೆಯ ಜಾಗ. ಅಣ್ಣನ ಕೈ.

ನಿಜ ಹೇಳುತ್ತೇನೆ, ಹೆದರಿದೆ. ಆಮೇಲೆ ಸಿಟ್ಟು ಬಂತು. ಯಾರೋ ಅವನ ಕೈಯನ್ನು ಕದ್ದಿದ್ದಾರೆ, ನೀವು ಅವರನ್ನು ಬಚ್ಚಿಟ್ಟಿದ್ದೀರಿ ಅನ್ನಿಸಿತು. ಏನೇನೋ ಯೋಚಿಸಿದೆ. ಬರೆಯಲು ನಾಚಿಕೆಯಾಗುವಂಥದ್ದನ್ನೂ ಯೋಚಿಸಿದೆ. ಮಧ್ಯಾಹ್ನ ಬಾಗಿಲು ಅರ್ಧ ಎಳೆದುಕೊಳ್ಳುವುದಕ್ಕೆ ನಾನು ಕೊಟ್ಟ ಅರ್ಥವನ್ನು ನಿಮಗೆ ಹೇಳಲಾರೆ.

ಕದ್ದ ಕೈ ಎಲ್ಲಾದರೂ ಸಿಕ್ಕಿಬೀಳಲೇಬೇಕು ಎಂದುಕೊಂಡು ಐವತ್ತೆಂಟು ಅಚ್ಚುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದರ ಮರದ ಬೆನ್ನ ಮೇಲೂ ಅದು ಬಂದ ದಿನವನ್ನು ಪೆನ್ಸಿಲಿನಲ್ಲಿ ಬರೆದಿಡುವುದು ನನ್ನ ರೂಢಿ. ಉದ್ದನೆಯ ಕಾಗದ ಹಾಸಿ, ಆ ದಿನಗಳ ಪ್ರಕಾರವೇ ಒಂದರ ಪಕ್ಕ ಒಂದು ಒತ್ತುತ್ತಾ ಹೋದೆ. ಇಷ್ಟು ವರ್ಷ ಅವುಗಳನ್ನು ಒಂದೇ ಕಾಗದದ ಮೇಲೆ ನೋಡಿರಲೇ ಇಲ್ಲ.

ಮೊದಲ ಮೂವತ್ತೊಂದರಲ್ಲಿ ಗೆರೆಗಳು ಎಡಕ್ಕೆ ವಾಲಿವೆ.

ಮೂವತ್ತೆರಡನೆಯದು ನೀವು 'ಚಾಕು ಜಾರಿತು, ಬೇಕಿದ್ದರೆ ಎಸೆದುಬಿಡು' ಎಂದು ಚೀಟಿ ಬರೆದು ಕಳಿಸಿದ ದೋಣಿ. ಅಲ್ಲಿಂದ ಮುಂದೆ ಎಲ್ಲವೂ ಬಲಕ್ಕೆ. ಆರು ವರ್ಷ. ಪಾರಿವಾಳ, ಛತ್ರಿ, ಹೊಲಿಗೆಯಂತ್ರ, ಬಾವಲಿ, ನಾನು ಎಲ್ಲಕ್ಕಿಂತ ಮೆಚ್ಚಿದ್ದೆಲ್ಲ ಆ ಕಡೆಯವು.

ಮುದ್ರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬೀಳುತ್ತದೆ; ಕಾಗದದ ಮೇಲೆ ಬಲಕ್ಕೆ ವಾಲಬೇಕಾದರೆ ರಬ್ಬರಿನ ಮೇಲೆ ಎಡಕ್ಕೆ ವಾಲಿರಬೇಕು. ನಾನೇ ಒಂದು ಹಳೆಯ ರಬ್ಬರಿನ ಮೇಲೆ ಗೀರಿ ನೋಡಿದೆ. ಬಲಗೈಗೆ ಆ ಗೆರೆ ಬರುವುದೇ ಇಲ್ಲ, ಮಣಿಕಟ್ಟು ತಿರುಚಿಕೊಳ್ಳುತ್ತದೆ. ಚಾಕುವನ್ನು ಎಡಗೈಗೆ ಬದಲಿಸಿದೆ, ಸಲೀಸಾಗಿ ಬಂತು.

ನಮ್ಮ ಮನೆಯಲ್ಲಿ ಎಡಗೈಯಲ್ಲಿ ಬರೆಯುವವರು ಒಬ್ಬರೇ. ನಿಮ್ಮಿಂದ ನನಗೆ ಬಂದ ಪತ್ರಗಳನ್ನೆಲ್ಲ ಅದೇ ಕೈ ಬರೆದಿದೆ.

ಅತ್ತಿಗೆ, ನೀವಾ?

ಗುಬ್ಬಿ

ಏಪ್ರಿಲ್ 9

ಗುಬ್ಬಿ,

ಹೌದು.

ಆರು ವರ್ಷದ ಹಿಂದೆ ನಿಮ್ಮಣ್ಣನ ನೋಟದ ನಟ್ಟನಡುವೆ ಒಂದು ಮಸಿಯ ಕಲೆ ಬಂತು. ಸುತ್ತ ಎಲ್ಲ ಕಾಣುತ್ತಿತ್ತು; ದಿಟ್ಟಿಸಿದ್ದು ಮಾತ್ರ ಕಾಣುತ್ತಿರಲಿಲ್ಲ. ಬೀದಿಯಲ್ಲಿ ನಡೆಯುತ್ತಿದ್ದರು, ಬಾಗಿಲು ತೆಗೆಯುತ್ತಿದ್ದರು, ಚಾಕುವಿನ ತುದಿ ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ಇಬ್ಬರು ಡಾಕ್ಟರಿಗೆ ತೋರಿಸಿದೆವು. ಇಬ್ಬರೂ ಇದು ಹೀಗೇ ಇರುತ್ತದೆ ಎಂದರು. ನೀನು ಬಂದ ಎರಡು ಸಲವೂ ಮೂರು ಮೂರು ದಿನ ತಲೆನೋವೆಂದು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರಲ್ಲ, ಅದು ತಲೆನೋವಲ್ಲ.

ನಿನ್ನ ದೋಣಿಯ ಚಿತ್ರ ಬಂದ ದಿನ ಅದನ್ನು ಕೆತ್ತಲು ಹೋಗಿ ಅವರು ಬೆರಳು ಕುಯ್ದುಕೊಂಡರು. ಬಟ್ಟೆ ಸುತ್ತಿದೆ. "ಗುಬ್ಬಿಗೆ ಹೇಳ್ಬೇಡ, ಅವಳು ಕಾರ್ಡ್ ಮಾಡೋದೇ ಬಿಟ್ಟುಬಿಡ್ತಾಳೆ" ಎಂದರು. ಆಮೇಲೆ ಚಾಕುವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, "ನೀನು ಕೆತ್ತು, ನಾನು ಹೇಳ್ತೀನಿ" ಎಂದರು. ನನಗೆ ತರಕಾರಿ ಹೆಚ್ಚಿ ಗೊತ್ತಿತ್ತೇ ಹೊರತು ರಬ್ಬರಲ್ಲ. ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಗೆರೆಯ ಆಳವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಇನ್ನೂ ಸ್ವಲ್ಪ, ಸಾಕು ಎನ್ನುತ್ತಿದ್ದರು. ಕವಲಿನ ಕಡೆ ಕೂದಲೆಳೆ ಜಾಗ ಬಿಡುವುದು ಅವರು ಕಲಿಸಿದ್ದು. ಅದು ಅವರ ಕೈಯೇ, ಅಷ್ಟು ಮಟ್ಟಿಗೆ ನೀನು ಸರಿ.

ಒಂದು ವರ್ಷವಾದ ಮೇಲೆ ಹೇಳುವುದನ್ನು ನಿಲ್ಲಿಸಿದರು. ಛತ್ರಿ ಕೆತ್ತಿದ ದಿನ ಮುಟ್ಟಿ ನೋಡಿ, ಎದ್ದು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತರು. ಸಿಟ್ಟೋ ಸಂತೋಷವೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಈಗ ಯಾರನ್ನು ಕೇಳಲಿ?

ನೀನು ಫೋನು ಮಾಡಿ "ಅಣ್ಣಂಗೆ ಹೇಳಿ ಅತ್ತಿಗೆ, ಹೊಲಿಗೆಯಂತ್ರ ನೋಡಿ ಅತ್ತುಬಿಟ್ಟೆ" ಎನ್ನುತ್ತಿದ್ದೆ. ಹೇಳುತ್ತೇನೆ ಎಂದು ನಾನು ಅನ್ನುತ್ತಿದ್ದೆ. ಹೇಳುತ್ತಲೂ ಇದ್ದೆ. ಅದಕ್ಕಿಂತ ಹೆಚ್ಚು ಮಾತಾಡಿದರೆ ಬಾಯಿ ತಪ್ಪಿ ಏನಾದರೂ ಬಂದುಬಿಡುತ್ತದೆಂದು ಎರಡು ನಿಮಿಷಕ್ಕೆ ಫೋನು ಇಡುತ್ತಿದ್ದೆ.

ಅವರು ಹೋದ ಮೇಲೆ ಹೇಳಬಹುದಿತ್ತು. ಮಾತು ಕೊಟ್ಟಿದ್ದೆ ಎನ್ನುವುದು ಅರ್ಧ. ಇನ್ನರ್ಧ, ನೀನು ನಂಬುವುದಿಲ್ಲವೆಂಬ ಅನುಮಾನ. ಗಂಡ ಸತ್ತ ಮೇಲೆ ಅವನ ಕೆಲಸಕ್ಕೂ ಕೈಚಾಚಿದಳು ಎಂದುಕೊಳ್ಳುತ್ತೀಯೆಂದು ಹೆದರಿದೆ. ಹಳೆಯ ಚಿತ್ರಗಳು ಬಾಕಿ ಇದ್ದವು, ಒಂದೊಂದಾಗಿ ಕೆತ್ತಿ ಕಳಿಸಿದೆ. ಬಟ್ಟೆ ಮುಚ್ಚುತ್ತಿದ್ದುದು ಚಿಕ್ಕಪ್ಪನ ಬಾಯಿಗೆ ಹೆದರಿ.

ನನ್ನ ಹೆಸರು ಬೇಕೆಂದು ಎಂದೂ ಅನ್ನಿಸಿರಲಿಲ್ಲ. ಆದರೆ ಛತ್ರಿಯ ಕೆಳಗೆ ಅವರ ಹೆಸರು ಬರೆದು ಊರಿಗೆಲ್ಲ ತೋರಿಸುತ್ತೀಯೆಂದು ಓದಿದಾಗ ಮಾತ್ರ ತಡೆಯಲಾಗಲಿಲ್ಲ. ಅದಕ್ಕೇ ಬೇಡ ಎಂದೆ.

ಬಾಗಿಲು ಎಳೆದುಕೊಳ್ಳುವುದಕ್ಕೆ ನೀನು ಯಾವ ಅರ್ಥ ಕೊಟ್ಟೆ ಎಂದು ನನಗೆ ಗೊತ್ತು. ಬರೆಯದಿದ್ದರೂ ಗೊತ್ತಾಗುತ್ತದೆ.

ಅತ್ತಿಗೆ

ಏಪ್ರಿಲ್ 16

ಅತ್ತಿಗೆ,

ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಕ್ಷಮಿಸಿ ಎಂದು ಬರೆದರೆ ಬಹಳ ಚಿಕ್ಕದಾಗಿ ಕಾಣುತ್ತದೆ. ಆದರೂ ಬರೆದಿದ್ದೇನೆ. ಸಹಿಸುತ್ತಿರಲಿಲ್ಲವೇನೋ ಎಂದು ಬರೆದ ಆ ಪತ್ರವನ್ನು ದಯವಿಟ್ಟು ಮಡಿಸಿಟ್ಟುಕೊಳ್ಳಬೇಡಿ. ಹಿಂದಕ್ಕೆ ಕಳಿಸಿ, ನಾನೇ ಸುಡುತ್ತೇನೆ.

ಅಣ್ಣನ ಮೇಲೂ ಸಿಟ್ಟು ಬಂದಿದೆ. ಕಣ್ಣು ಕಾಣದ ಅಣ್ಣನಿಗೆ ಐದು ವರ್ಷ ಚಿತ್ರ ಬರೆದು ಬರೆದು ಕಳಿಸಿದೆನಲ್ಲ. ಅವನು ಅವುಗಳನ್ನು ಕೈಯಲ್ಲಿ ಹಿಡಿದು ಏನು ಮಾಡುತ್ತಿದ್ದ?

ಮೇಡಂಗೆ ಎಲ್ಲ ಹೇಳಿದೆ. ಫಲಕ ಕೆಳಗಿಳಿಸಿದ್ದೇವೆ. ಪ್ರದರ್ಶನವನ್ನು ಮೇ ಹತ್ತಕ್ಕೆ ಮುಂದೆ ಹಾಕಿದ್ದಾರೆ. ಬೇಡವೆಂದರೆ ಪೂರ್ತಿ ಬಿಟ್ಟುಬಿಡುತ್ತೇನೆ. ಮಾಡಬಹುದು ಎಂದರೆ ಹೇಗೆಂದು ನೀವೇ ಹೇಳಿ. ಈ ಸಲ ನಾನು ಏನನ್ನೂ ಊಹಿಸಿಕೊಳ್ಳುವುದಿಲ್ಲ.

ಗುಬ್ಬಿ

ಏಪ್ರಿಲ್ 25

ಗುಬ್ಬಿ,

ಅವರು ಚಿತ್ರವನ್ನು ನನಗೆ ಕೊಟ್ಟು, ಏನಿದೆ ಹೇಳು ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ನೀನು ಬಾವಲಿ ಬರೆದು ಕಳಿಸಿದಾಗ ನಾನು ಛತ್ರಿಯೇ ಎರಡನೆಯ ಸಲ ಬಂದಿದೆ ಎಂದುಬಿಟ್ಟೆ. ಕಾಲು ಇದೆಯಾ ಎಂದು ಕೇಳಿದರು. ಇದೆ ಎಂದೆ. ಅಷ್ಟು ನಕ್ಕಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ಪ್ರದರ್ಶನ ಮಾಡು. ಮೂವತ್ತೊಂದು ಅವರದು, ಅವರ ಹೆಸರೇ ಇರಲಿ. ದೋಣಿಯನ್ನು ಎರಡು ಗೋಡೆ ಸೇರುವ ಮೂಲೆಯಲ್ಲಿ ಹಾಕು, ಅದು ಇಬ್ಬರದೂ. ಜಾರಿದ ಗೆರೆಯನ್ನು ಚಿತ್ತಾರದ ಕಾಗದ ಅಂಟಿಸಿ ಮುಚ್ಚಬೇಡ. ಉಳಿದವುಗಳ ಕೆಳಗೆ ಏನು ಬರೆಯಬೇಕೋ ನೀನೇ ಬರೆ.

ಪತ್ರ ಹಿಂದಕ್ಕೆ ಕಳಿಸುವುದಿಲ್ಲ. ಸಿಟ್ಟು ಇನ್ನೂ ಇದೆ, ಇಷ್ಟು ಬೇಗ ಹೋಯಿತೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಇದ್ದರೂ ಬರುತ್ತೇನೆ. ಮೇ ಒಂಬತ್ತರ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಸ್ಟೇಷನ್ನಿಗೆ ಬರಬೇಡ, ವಿಳಾಸ ಗೊತ್ತಿದೆ.

ಅತ್ತಿಗೆ

ಮೇ 15

ಗುಬ್ಬಿಗೆ ಆಶೀರ್ವಾದಗಳು.

ಕ್ಷೇಮವಾಗಿ ತಲುಪಿದೆ. ಚಿಕ್ಕಪ್ಪ ಎಲ್ಲ ಕೇಳಬೇಕೆಂದು ಅಂಗಡಿಯ ಮೆಟ್ಟಿಲ ಮೇಲೇ ಕಾದಿದ್ದರು. ಎಲ್ಲ ಹೇಳಿದೆ. ಬಾಯಿ ತೆರೆದುಕೊಂಡೇ ಕೇಳಿ, ಚಪ್ಪಲಿಯನ್ನು ಮೆಟ್ಟಿಲಲ್ಲೇ ಮರೆತು ಹೋದರು.

ನಿನಗೆ ಹೇಳದ ಒಂದು ವಿಷಯವಿದೆ. ನಾನು ಪ್ರದರ್ಶನದ ಹಾಲ್‌ಗೆ ಬಂದದ್ದು ನೀನು ನೋಡಿದ ಹೊತ್ತಿಗಲ್ಲ. ಅದಕ್ಕೆ ಅರ್ಧ ಗಂಟೆ ಮೊದಲು. ನಿನ್ನ ಕಣ್ಣಿಗೆ ಬೀಳದ ಹಾಗೆ ಕಂಬದ ಹಿಂದಿನಿಂದ ಬಂದೆ. ಏನು ಬರೆದಿರುತ್ತೀಯೋ ಎಂಬ ಅನುಮಾನ ಇತ್ತು. ಮುಂದೆ ನೀನಿದ್ದರೆ ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಮೊದಲು ಅವರ ಗೋಡೆ ನೋಡಿದೆ. ನಿಧಾನವಾಗಿ ಮೂವತ್ತೊಂದನ್ನೂ ನೋಡಿದೆ. ಆಮೇಲೆ ಮೂಲೆ ದಾಟಿದೆ.

ಛತ್ರಿಯ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಾಕೆ ಕನ್ನಡಕ ಏರಿಸಿಕೊಂಡು, "ಇವ್ರು ಆ ಕಡೆ ಗೋಡೆಯವ್ರ ಹೆಂಡ್ತಿ ಅಂತೆ" ಎಂದಳು. ಇನ್ನೊಬ್ಬಾಕೆ ಬಗ್ಗಿ ಓದಿ, "ಹೆಂಡ್ತಿ ಅಂತ ಎಲ್ಲಿದೆ? 'ಕೆತ್ತಿದ್ದು ನನ್ನ ಅತ್ತಿಗೆ' ಅಂತ ಬರೆದಿದೆ ನೋಡು" ಎಂದಳು. ಇಬ್ಬರೂ ಮತ್ತೆ ಹತ್ತಿರ ಬಗ್ಗಿ ಗೆರೆಗಳನ್ನು ನೋಡಿದರು. ಆಮೇಲೆ ಕನ್ನಡಕದವಳು ನನ್ನ ಕಡೆ ತಿರುಗಿ, "ಇವ್ರು ಎಲ್ಲಿ ಸಿಗ್ತಾರೆ, ನಿಮಗೇನಾದ್ರೂ ಗೊತ್ತಾ? ನನಗೊಂದು ಮಾಡಿಸ್ಬೇಕಿತ್ತು" ಎಂದಳು.

"ನಾನೇ ಅದು" ಎಂದೆ.

ಸ್ವಲ್ಪ ಜೋರಾಗಿಯೇ ಅಂದೆನೆಂದು ಕಾಣುತ್ತದೆ. ಕಿಟಕಿಯ ಹತ್ತಿರ ನಿಂತಿದ್ದವರೂ ತಿರುಗಿ ನೋಡಿದರು.

ಅತ್ತಿಗೆ